ಇಳಿಜಾರು ತೋಟಕ್ಕೆ ಎಂಥ ಹನಿ ಕೊಳವೆ?



ಹೋದ ಬೇಸಗೆಯಲ್ಲಿ ಒಬ್ಬ ರೈತರ ಬಾಳೆ ತೋಟ ನೋಡಿದೆ. ತಗ್ಗಿನ ಗಿಡಗಳು ಕೊಬ್ಬಿ ನಿಂತಿದ್ದವು, ದಿಣ್ಣೆಯವು ಸೊರಗಿದ್ದವು. ಬೋರಿನಲ್ಲಿ ನೀರಿಗೇನೂ ಕೊರತೆಯಿರಲಿಲ್ಲ. ಅಗ್ಗವೆಂದು 12 ಮಿಲಿಮೀಟರಿನ ಹನಿ ಕೊಳವೆ ತಂದು, ತಗ್ಗಿನಿಂದ ದಿಣ್ಣೆಗೆ 100 ಮೀಟರ್ ಎಳೆದಿದ್ದರು.

ನೀರು ಕೊಳವೆಯ ಒಳಮೈಗೆ ಉಜ್ಜುತ್ತ ಹೋದಂತೆ ಒತ್ತಡ ಕಳೆದುಕೊಳ್ಳುತ್ತದೆ. ಅಷ್ಟೇ ನೀರಿಗೆ 12ರ ಕೊಳವೆಯಲ್ಲಿ ಆಗುವ ನಷ್ಟ 16ರದರ ನಾಲ್ಕು ಪಟ್ಟಿಗೂ ಮೇಲು. ಏರು ಹತ್ತಿಸಿದರೆ ಮತ್ತಷ್ಟು ನಷ್ಟ, ಇಳಿಯುವಾಗ ಲಾಭ. ಆದ್ದರಿಂದ 100 ಮೀಟರಿಗೆ 1 ಮೀಟರ್ ಇಳಿಯುವ ಹೊಲವಾದರೆ ಮುಖ್ಯ ಪೈಪನ್ನು ಮೇಲಿನ ಬದುವಿಗೆ ಒಯ್ದು, 16ರ ಕೊಳವೆಗಳನ್ನು ಕೆಳಮುಖವಾಗಿ ಬಿಡಿ. ಉಜ್ಜಿ ಹೋದ ಒತ್ತಡವನ್ನು ಇಳಿಜಾರೇ ಬಹಳಮಟ್ಟಿಗೆ ತುಂಬಿಕೊಡುತ್ತದೆ. ಒತ್ತಡ ಸರಿದೂಗಿಸುವ ದುಬಾರಿ ಡ್ರಿಪ್ಪರಿಗೆ ಇಂಥ ನೆಲದಲ್ಲಿ ಹಣ ಸುರಿಯಬೇಡಿರೆಂದೇ ನನ್ನ ಅಭಿಪ್ರಾಯ. ಅದು ಗುಡ್ಡದ ಮಗ್ಗುಲಿಗೆ ಇರಲಿ.

ಈಗಾಗಲೇ ಕೊಳವೆ ಹಾಕಿದವರು ಸಾಲಿನ ಮೊದಲ ಮತ್ತು ಕೊನೆಯ ಡ್ರಿಪ್ಪರಿನ ಕೆಳಗೆ ಕುಳಿ ತೋಡಿ, ಒಂದೊಂದು ತಂಬಿಗೆ ಇಟ್ಟು ಕಾಲು ಗಂಟೆ ನೀರು ಬಿಡಿ. ಲೀಟರಿಗೆ 100 ಮಿಲಿಗಿಂತ ಹೆಚ್ಚು ವ್ಯತ್ಯಾಸ ಕಂಡರೆ, ಕೊಳವೆಯ ಕೊನೆ ಬಿಚ್ಚಿ ಮೊದಲು ಕಸ ತೊಳೆಯಿರಿ; ಎಷ್ಟೋ ಸಲ ದೋಷ ಅಲ್ಲೇ ಇರುತ್ತದೆ. ಆಮೇಲೂ ಸಮವಾಗದಿದ್ದರೆ ನನಗೆ ಹೇಳಿಕಳಿಸಿ, ತೋಟಕ್ಕೇ ಬರುತ್ತೇನೆ.