ಬಣ್ಣ ತರುವ ಮುನ್ನ ಗೋಡೆ ನೋಡಿರಿ

(ಅಕ್ಕಲಕೋಟ ತಾಲೂಕಿನ ಕಬ್ಬು ಬೆಳೆಗಾರ ಸದಸ್ಯರ ಮುಂದೆ ಮಾಡಿದ ಭಾಷಣ)



ಕಬ್ಬಿನ ವಿಷಯ ಬಿಟ್ಟು ಗೋಡೆಯ ಮಾತು ಯಾಕೆಂದು ನೀವು ನಗಬಹುದು. ಹೋದ ವರ್ಷ ಕಬ್ಬಿನ ಬಿಲ್ಲಿನ ಭರವಸೆಯ ಮೇಲೆ ಉದ್ರಿ ತಂದು, ದಸರೆಗೆ ಪಡಸಾಲೆಗೆ ಡಿಸ್ಟೆಂಪರ್ ಹೊಡೆಸಿದೆ. ಸಂಕ್ರಾಂತಿಗೆ ಸೊಲ್ಲಾಪುರದ ಸಿದ್ಧೇಶ್ವರ ಜಾತ್ರೆ ಮುಗಿಸಿ ಬರುವಷ್ಟರಲ್ಲಿ ಅದು ಹಪ್ಪಳದಂತೆ ಎದ್ದಿತ್ತು. ಬಣ್ಣದ ತಪ್ಪಲ್ಲ, ಅಂಗಡಿಯವನದೂ ಅಲ್ಲ, ನನ್ನದೇ.

ನಮ್ಮ ಜಿಲ್ಲೆಯಲ್ಲಿ ಹೆಚ್ಚಿನ ಮಳೆ ಸೆಪ್ಟೆಂಬರಿನಲ್ಲಿ. ಅದರ ಬೆನ್ನಿಗೇ ದಸರಾ. ಹಬ್ಬದೊಳಗೆ ಬಣ್ಣವಾಗಬೇಕೆಂದು ಎಲ್ಲರಿಗೂ ಅವಸರ. ಕಲ್ಲು-ಮಣ್ಣಿನ ಗೋಡೆಯಾದರೋ ಒಳಗೆ ಹಸಿಯಾಗಿಯೇ ಇರುತ್ತದೆ. ಗೊಬ್ಬರದ ಚೀಲದ ಒಳಗಿನ ಪ್ಲಾಸ್ಟಿಕ್ ಹಾಳೆಯನ್ನು ಒಂದಡಿ ಚೌಕ ಕತ್ತರಿಸಿ, ನೆಲದಿಂದ ಮೊಳದೆತ್ತರದಲ್ಲಿ ಸುಣ್ಣ ಕೆರೆದ ಜಾಗಕ್ಕೆ ನಾಲ್ಕೂ ಅಂಚು ಟೇಪು ಹಚ್ಚಿ ಅಂಟಿಸಿರಿ. ಒಂದು ಹಗಲು ಒಂದು ರಾತ್ರಿ ಬಿಟ್ಟು ಬಿಚ್ಚಿ ನೋಡಿರಿ. ಗೋಡೆಯ ಕಡೆಯ ಮೈಗೆ ಹನಿ ಕಂಡರೆ ದೀಪಾವಳಿಯವರೆಗೆ ತಡೆಯಿರಿ. ಬಚ್ಚಲ ನೀರು ಗೋಡೆಯ ಬುಡಕ್ಕೆ ನಿಲ್ಲುತ್ತಿದ್ದರೆ ಮೊದಲು ಅದನ್ನು ಬೇರೆ ಕಡೆ ತಿರುಗಿಸಿರಿ.

ಇನ್ನು ಹಳೆಯ ಸುಣ್ಣ. ಅಂಗೈಯಿಂದ ಉಜ್ಜಿರಿ, ಬಿಳಿ ಪುಡಿ ಬಂದರೆ ಬಣ್ಣ ಹಿಡಿಯುವುದು ಗೋಡೆಯನ್ನಲ್ಲ, ಆ ಪುಡಿಯನ್ನು. ನಮ್ಮಲ್ಲಿ ಅಜ್ಜನ ಕಾಲದಿಂದ ಹಚ್ಚಿದ ಸುಣ್ಣ ಪದರು ಪದರಾಗಿತ್ತು, ಅದರ ಮೇಲೆಯೇ ಹೊಡೆಸಿದೆ! ತಗಡಿನಿಂದ ಕೆರೆದು, ತಂತಿ ಬ್ರಶ್ಶಿನಿಂದ ಉಜ್ಜಿ, ಒದ್ದೆ ಅರಿವೆಯಿಂದ ಒರೆಸಿ ಒಣಗಿಸಬೇಕು. ಕೆರೆಯುವಾಗ ಮೂಗು-ಬಾಯಿಗೆ ಅರಿವೆ ಕಟ್ಟಿಕೊಳ್ಳಿರಿ, ಕಣ್ಣು ಜೋಪಾನ. ಬುಡದಲ್ಲಿ ಉಪ್ಪು ಅರಳಿದ್ದರೆ ಅಲ್ಲಿ ನೀರು ಮುಟ್ಟಿಸದೆ ಒಣ ಬ್ರಶ್ಶಿನಿಂದಲೇ ಜಾಡಿಸಿರಿ. ಬಿರುಕು ತುಂಬಿ, ಪ್ರೈಮರ್ ಒಂದು ಕೈ ಹೊಡೆದು, ಆಮೇಲೆ ಬಣ್ಣ.

ಮಣ್ಣಿನ ಗಿಲಾವಿಗೆ ಎಣ್ಣೆಬಣ್ಣ ಬೇಡವೇ ಬೇಡ. ಹಸಿ ಹೊರಬೀಳಲು ದಾರಿ ಇರದಂತಾಗುತ್ತದೆ. ಅದಕ್ಕೆ ಸುಣ್ಣವೇ ಲೇಸು. ಹಳೆಯ ಕಾಲದವನೆಂದು ಹುಡುಗರು ನಗುತ್ತಾರೆ, ನಗಲಿ.

ಈಗ ಲೆಕ್ಕ. ಕೋಣೆ 12 ಅಡಿ ಉದ್ದ, 10 ಅಡಿ ಅಗಲ. ಸುತ್ತಳತೆ 44 ಅಡಿ. ಎತ್ತರ 10 ಅಡಿಯಾದರೆ ಗೋಡೆ 440 ಚದರಡಿ. ಬಾಗಿಲಿನ 21, ಕಿಟಕಿಯ 12 ಕಳೆದರೆ 407. ಎರಡು ಕೈಗೆ 814. ನುಣುಪು ಗೋಡೆಗೆ ಎಮಲ್ಶನ್ ಲೀಟರಿಗೆ ಒಂದು ಕೈ ಸುಮಾರು 110 ಚದರಡಿ ಹಿಡಿದರೆ ಏಳೂವರೆ ಲೀಟರು ಸಾಕು. ಒರಟು ಗೋಡೆ ಹೆಚ್ಚು ಕುಡಿಯುತ್ತದೆ, ಇನ್ನೊಂದೆರಡು ಲೀಟರು ಸೇರಿಸಿರಿ. ಪೂರ್ತಿ ಒಂದೇ ಸಲ ತನ್ನಿರಿ, ಇಲ್ಲವಾದರೆ ಛಾಯೆ ಬೇರೆಯಾದೀತು. ಬಣ್ಣದವನು ಹದಿನೈದು ಲೀಟರು ಎಂದರೆ ಅವನ ಮುಂದೆಯೇ ಟೇಪು ಹಿಡಿದು ಅಳೆಯಿರಿ.

ಈ ವರ್ಷ ನಾನು ಪಡಸಾಲೆ ಕೆರೆಸಿ ಬಿಟ್ಟಿದ್ದೇನೆ. ಮೊನ್ನೆ ಹಾಳೆ ಬಿಚ್ಚಿದಾಗ ಇನ್ನೂ ಹನಿ ಇತ್ತು. ದೀಪಾವಳಿಗೆ ಮತ್ತೆ ಅಂಟಿಸಿ ನೋಡುತ್ತೇನೆ.