ವಿದೇಶದ ಯಂತ್ರ, ನಮ್ಮೂರಿನ ವಿದ್ಯುತ್ತು



ಚಿಂತಾಮಣಿಯಲ್ಲೋ ಶಿಡ್ಲಘಟ್ಟದಲ್ಲೋ ಇರುವ ನಿಮ್ಮ ಮನೆಗೆ ಅಮೆರಿಕದಿಂದ ಮಗಳು ಬಂದಿದ್ದಾಳೆ ಎಂದಿಟ್ಟುಕೊಳ್ಳಿ. ಪೆಟ್ಟಿಗೆಯಲ್ಲಿ ಅಮ್ಮನಿಗೆಂದು ಅನ್ನ ಮಾಡುವ ಕುಕ್ಕರು ಇದೆ. ಉಬ್ಬಸದಿಂದ ನರಳುವ ಅಪ್ಪನಿಗೆಂದು ಆಕ್ಸಿಜನ್ ಕಾನ್ಸಂಟ್ರೇಟರೂ ಇದೆ. ಅವುಗಳ ಚಪ್ಪಟೆ ಪಿನ್ನು ನಮ್ಮ ಗೋಡೆಯ ಸಾಕೆಟ್ಟಿಗೆ ಹೊಂದುವುದಿಲ್ಲ. ಅಂಗಡಿಯಿಂದ ಅಡಾಪ್ಟರ್ ತಂದು ಸಿಕ್ಕಿಸುತ್ತೇವೆ. ಅಪಾಯ ಶುರುವಾಗುವುದೇ ಅಲ್ಲಿ. ಆ ಅಡಾಪ್ಟರ್ ಬದಲಿಸುವುದು ಪಿನ್ನಿನ ಆಕಾರವನ್ನು ಮಾತ್ರ.

ನಮ್ಮ ಮನೆಗಳಿಗೆ ಬರುವುದು 230 ವೋಲ್ಟ್, 50 ಹರ್ಟ್ಜ್. ಹಿಂದಿನವರು ಸೈಕಲ್ ಎನ್ನುತ್ತಿದ್ದುದೇ ಈ ಹರ್ಟ್ಜ್. ಅಮೆರಿಕದಲ್ಲಿ 120 ವೋಲ್ಟ್, 60 ಹರ್ಟ್ಜ್. ಜಪಾನಿನಲ್ಲಿ 100 ವೋಲ್ಟ್. ದುಬೈ, ಕುವೈತ್‌ಗಳಿಂದ ತಂದ ಸಾಮಾನುಗಳಿಗೆ ಸಾಮಾನ್ಯವಾಗಿ ಪಿನ್ನಿನ ತೊಂದರೆ ಮಾತ್ರ. 120 ವೋಲ್ಟಿನ ಕುಕ್ಕರಿಗೆ 230 ವೋಲ್ಟ್ ಕೊಟ್ಟರೆ ಶಾಖ ಎರಡರಷ್ಟಾದೀತು ಎಂದು ತಿಳಿಯಬೇಡಿ. ಅದು ವೋಲ್ಟೇಜಿನ ವರ್ಗದಂತೆ ಏರುತ್ತದೆ. 1000 ವ್ಯಾಟಿನ ಕಾಯಿಲ್ 3600 ವ್ಯಾಟಿಗೂ ಹೆಚ್ಚು ಎಳೆಯತೊಡಗಿ ಕ್ಷಣಗಳಲ್ಲಿ ಸುಟ್ಟುಹೋಗುತ್ತದೆ.

ಆದ್ದರಿಂದ ಮೊದಲು ಯಂತ್ರದ ಬೆನ್ನಿನ ಮೇಲಿರುವ ಚೀಟಿಯನ್ನು ಓದಿ. ಅಕ್ಷರ ಸಣ್ಣದು, ಕನ್ನಡಕ ಹಾಕಿಕೊಂಡೇ ಓದಿ. ‘ಇನ್‌ಪುಟ್’ ಎಂಬ ಮಾತಿನ ಮುಂದೆ 100–240 ವೋಲ್ಟ್, 50/60 ಹರ್ಟ್ಜ್ ಎಂದಿದ್ದರೆ ಚಿಂತೆಯಿಲ್ಲ, ಪಿನ್ನಿನ ಅಡಾಪ್ಟರ್ ಸಾಕು. ಮೊಬೈಲ್ ಚಾರ್ಜರ್, ಲ್ಯಾಪ್‌ಟಾಪ್‌ಗಳು ಬಹುಮಟ್ಟಿಗೆ ಹೀಗೇ ಇರುತ್ತವೆ. ಬರೀ 120 ಎಂದಿದ್ದರೆ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. ಚಿಕ್ಕಬಳ್ಳಾಪುರದಲ್ಲಿ ಸಿಗದಿದ್ದರೆ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ವಿಚಾರಿಸಿ. 700 ವ್ಯಾಟಿನ ಕುಕ್ಕರಿಗೆ 1000 ವಿ.ಎ. ಸಾಮರ್ಥ್ಯದ್ದನ್ನು ಕೊಳ್ಳಿ, ಮೋಟಾರು ಇರುವ ಯಂತ್ರಕ್ಕೆ ಇನ್ನೂ ದೊಡ್ಡದು ಬೇಕು, ಏಕೆಂದರೆ ಹೊರಡುವಾಗ ಮೋಟಾರು ಹಲವು ಪಟ್ಟು ಕರೆಂಟು ಎಳೆಯುತ್ತದೆ. ಯಂತ್ರಕ್ಕೆ ಮೂರನೆಯ ಪಿನ್ನಿದ್ದರೆ ಅರ್ಥಿಂಗ್ ಕೊನೆಯವರೆಗೂ ಮುಟ್ಟಿರಬೇಕು. ಅಂಗೈಯಗಲದ ಹಗುರ ‘ಕನ್ವರ್ಟರ್’ಗಳನ್ನು ನಾನಂತೂ ಯಾರಿಗೂ ಹೇಳುವುದಿಲ್ಲ. ಅವುಗಳಲ್ಲಿ ಹೆಚ್ಚಿನವು ವಿದ್ಯುತ್ತಿನ ಅಲೆಯನ್ನು ಕತ್ತರಿಸಿ ಕೊಡುತ್ತವೆ. ಎಲೆಕ್ಟ್ರಾನಿಕ್ ಯಂತ್ರಕ್ಕೆ ಅದು ಒಗ್ಗದು.

ನಮ್ಮ ಹಳ್ಳಿಗಳಲ್ಲಿ ಇನ್ನೊಂದು ತೊಡಕು. ಕೊಳವೆಬಾವಿಯ ಪಂಪುಗಳೆಲ್ಲ ಒಟ್ಟಿಗೆ ಓಡುವಾಗ ವೋಲ್ಟೇಜು 180ಕ್ಕೆ ಇಳಿದರೆ ನಿಮ್ಮ ಟ್ರಾನ್ಸ್‌ಫಾರ್ಮರ್ ಕೊಡುವುದು 94 ಮಾತ್ರ. ಪಂಪುಗಳು ನಿಂತು 260ಕ್ಕೆ ಏರಿದರೆ ಸುಮಾರು 136. ಅದು ಬಂದದ್ದರಲ್ಲಿ ಪಾಲು ಕೊಡುತ್ತದೆಯೇ ಹೊರತು ಏರಿಳಿತವನ್ನು ತಿದ್ದುವುದಿಲ್ಲ. ಹಾಗಾಗಿ ಅದರ ಹಿಂದೆ ಸ್ಟೆಬಿಲೈಸರ್ ಇರಲಿ.

ಇಷ್ಟೆಲ್ಲ ಮಾಡಿದರೂ ಒಂದು ಉಳಿಯುತ್ತದೆ. ಗೌರಿಬಿದನೂರಿನ ನನ್ನ ಬಂಧುಗಳ ಮನೆಗೆ ಅಮೆರಿಕದಿಂದ ಹಳೆಯ ಕಾಲದ ಕರೆಂಟಿನ ಗಡಿಯಾರವೊಂದು ಬಂದಿತ್ತು. ಟ್ರಾನ್ಸ್‌ಫಾರ್ಮರ್ ಹಾಕಿದರೂ ಅದು ಗಂಟೆಗೆ 10 ನಿಮಿಷ ಹಿಂದೆ ಬೀಳುತ್ತಿತ್ತು. ಕೆಟ್ಟಿದೆ ಎಂದು ಎರಡು ಬಾರಿ ಬಿಚ್ಚಿಸಿದರು. ಕೆಟ್ಟಿರಲಿಲ್ಲ. 60 ಹರ್ಟ್ಜ್ ಎಣಿಸಿ ನಡೆಯಬೇಕಾದದ್ದು ನಮ್ಮ 50ರಲ್ಲಿ ನಡೆಯುತ್ತಿತ್ತು, ಅಷ್ಟೆ. ಟ್ರಾನ್ಸ್‌ಫಾರ್ಮರ್ ವೋಲ್ಟೇಜನ್ನು ಇಳಿಸುತ್ತದೆ, ಹರ್ಟ್ಜನ್ನು ಮುಟ್ಟುವುದಿಲ್ಲ.

ಗಡಿಯಾರ ಹಿಂದೆ ಬಿದ್ದರೆ ನಕ್ಕು ಸುಮ್ಮನಾಗಬಹುದು. ಅಪ್ಪನ ಕಾನ್ಸಂಟ್ರೇಟರಿನ ಮಾತು ಬೇರೆ. 2021ರ ಕೋವಿಡ್ ಎರಡನೇ ಅಲೆಯಲ್ಲಿ ಹೊರದೇಶಗಳಿಂದ ಇಂಥ ಸಾವಿರಾರು ಯಂತ್ರಗಳು ಭಾರತಕ್ಕೆ ಬಂದವು. ಅಮೆರಿಕದಿಂದ ಬಂದವುಗಳಲ್ಲಿ 120 ವೋಲ್ಟಿನವೂ ಇದ್ದವು. ಬರೀ 60 ಹರ್ಟ್ಜ್‌ಗೆಂದು ಮಾಡಿದ ಕಂಪ್ರೆಸರು ಇಲ್ಲಿ ಸುಮಾರು ಆರನೆಯ ಒಂದು ಭಾಗ ನಿಧಾನವಾಗಿ ತಿರುಗುತ್ತದೆ. ಒತ್ತುವ ಗಾಳಿ ಕಡಿಮೆಯಾಗುತ್ತದೆ, ಮೋಟಾರು ಬಿಸಿಯೇರುತ್ತದೆ, ಮೂಗಿನ ನಳಿಕೆಗೆ ಬರುವ ಆಮ್ಲಜನಕದ ಶುದ್ಧತೆ ಕುಗ್ಗಬಹುದು. ಯಂತ್ರ ಗುಂಯ್‌ಗುಡುತ್ತಲೇ ಇರುವುದರಿಂದ ಮನೆಯವರು ಎಲ್ಲ ಸರಿಯಿದೆ ಎಂದುಕೊಳ್ಳುತ್ತಾರೆ. ಇಂಥದ್ದನ್ನು ಟ್ರಾನ್ಸ್‌ಫಾರ್ಮರಿಗೆ ಹಾಕಿ ನಡೆಸಬೇಡಿ. 230 ವೋಲ್ಟ್, 50 ಹರ್ಟ್ಜ್‌ನ ಮಾದರಿಗಳು ಬೇರೆಯೇ ತಯಾರಾಗುತ್ತವೆ. ವೈದ್ಯರನ್ನು ಕೇಳಿ ಅಂಥದ್ದನ್ನು ಇಲ್ಲಿಯೇ ಕೊಳ್ಳಿ. ಕರೆಂಟು ಹೋದ ಹೊತ್ತಿಗೆ ಸಿಲಿಂಡರೊಂದು ಜೊತೆಗಿರಲಿ.

ಮಗಳು ಇನ್ನೂ ಹೊರಟಿಲ್ಲವಾದರೆ ಇಂದೇ ಫೋನು ಮಾಡಿ. ಕೊಳ್ಳುವ ಮೊದಲು ಯಂತ್ರದ ಬೆನ್ನಿನ ಆ ಚೀಟಿಯ ಚಿತ್ರ ತೆಗೆದು ಕಳಿಸೆಂದು ಹೇಳಿ.