ಸಮಿತಿ ಬದಲಾದ ಮೇಲೆ ಹಿಂದಿನ ಸಭೆಯ ನಡಾವಳಿಯ ದೃಢೀಕರಣ
(ಕನ್ನಡ ಮಾಧ್ಯಮ ಅಧ್ಯಾಪಕರ ತರಬೇತಿ ಶಿಬಿರದ ಉಪನ್ಯಾಸ)



ಶಾಲಾ ಸಮಿತಿಯ ಸಭೆಯಲ್ಲಿ ಎಲ್ಲಕ್ಕಿಂತ ಬೇಗನೆ ಮುಗಿಯುವ ವಿಷಯ ಹಿಂದಿನ ಸಭೆಯ ನಡಾವಳಿಯ ದೃಢೀಕರಣ. ಸಂಚಾಲಕರು ಓದುತ್ತಾರೆ, ಸದಸ್ಯರು ತಲೆಯಾಡಿಸುತ್ತಾರೆ, ಅಧ್ಯಕ್ಷರು ಸಹಿ ಹಾಕುತ್ತಾರೆ. ಆದರೆ ಸಮಿತಿ ಪುನಾರಚನೆಗೊಂಡ ಬಳಿಕ ನಡೆಯುವ ಮೊದಲ ಸಭೆಯಲ್ಲಿ ಈ ಸುಲಭದ ಕೆಲಸವೇ ತೊಡಕಾಗಬಹುದು. “ಆ ಸಭೆಯಲ್ಲಿ ನಾವು ಇರಲಿಲ್ಲ, ಕಾಣದ ಸಭೆಯ ವರದಿಯನ್ನು ಒಪ್ಪುವುದು ಹೇಗೆ?” ಎಂದು ಹೊಸ ಸದಸ್ಯರು ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ಉತ್ತರ ಕೊಡಬೇಕಾದವರು ಸಂಚಾಲಕರ ಸ್ಥಾನದಲ್ಲಿರುವ ಮುಖ್ಯೋಪಾಧ್ಯಾಯರು.

ಸದಸ್ಯರ ಬದಲಾವಣೆ ಇಲ್ಲಿ ಅಪವಾದವಲ್ಲ, ಕಾನೂನಿನ ಸ್ವಭಾವದಲ್ಲೇ ಇರುವಂಥದು. 2009ರ ಶಿಕ್ಷಣ ಹಕ್ಕು ಕಾಯ್ದೆಯ 21ನೆಯ ಸೆಕ್ಷನ್ ಪ್ರಕಾರ ಶಾಲಾ ನಿರ್ವಹಣಾ ಸಮಿತಿಯ ಕನಿಷ್ಠ ನಾಲ್ಕನೆಯ ಮೂರು ಪಾಲು ಸದಸ್ಯರು ಹೆತ್ತವರು ಅಥವಾ ಪೋಷಕರಾಗಿರಬೇಕು. ಶೇಕಡಾ 50 ಮಂದಿ ಮಹಿಳೆಯರಾಗಿರಬೇಕು. ಮಗು ಶಾಲೆ ಮುಗಿಸಿ ಹೊರಟಾಗ ಹೆತ್ತವರೂ ಸಮಿತಿಯಿಂದ ಹೊರಡುವುದು ಸಹಜ. ಕೇಂದ್ರದ ಮಾದರಿ ನಿಯಮಗಳು ಎರಡು ವರ್ಷಕ್ಕೊಮ್ಮೆ ಪುನಾರಚನೆಯನ್ನೂ ತಿಂಗಳಿಗೊಂದಾದರೂ ಸಭೆಯನ್ನೂ ಹೇಳುತ್ತವೆ. ನಡಾವಳಿಯನ್ನು ಸರಿಯಾಗಿ ದಾಖಲಿಸಿ ಸಾರ್ವಜನಿಕರಿಗೆ ದೊರೆಯುವಂತೆ ಇಡಬೇಕೆಂಬ ಮಾತೂ ಅವುಗಳಲ್ಲಿದೆ. ಅವಧಿಯ ವಿಚಾರದಲ್ಲಿ ಆಯಾ ರಾಜ್ಯದ ನಿಯಮವನ್ನೇ ನೋಡಿಕೊಳ್ಳಬೇಕು.

ಮೊದಲು ಮನವರಿಕೆಯಾಗಬೇಕಾದ ವಿಷಯ ಒಂದೇ: ನಡಾವಳಿಯನ್ನು ದೃಢೀಕರಿಸುವುದೆಂದರೆ ನಿರ್ಣಯಕ್ಕೆ ಸಮ್ಮತಿ ಕೊಡುವುದಲ್ಲ. ಆ ದಿನ ನಡೆದದ್ದನ್ನು ಬರಹ ಸರಿಯಾಗಿ ಹೇಳುತ್ತದೆಯೇ ಎಂಬುದಷ್ಟೇ ಅಲ್ಲಿನ ಪ್ರಶ್ನೆ. ನಿರ್ಣಯ ಅಂಗೀಕಾರವಾದದ್ದು ಹಿಂದಿನ ಸಭೆಯಲ್ಲಿ. ಈಗ ಅಂಗೀಕಾರವಾಗುವುದು ಅದರ ದಾಖಲೆ. ಸದಸ್ಯರು ಬದಲಾದರೂ ಸಮಿತಿ ಎಂಬ ಸಂಸ್ಥೆ ಮುಂದುವರಿಯುತ್ತದೆ. ಆದ್ದರಿಂದ ದಾಖಲೆಯನ್ನು ದೃಢೀಕರಿಸುವ ಅಧಿಕಾರ ಈಗಿರುವ ಸಮಿತಿಯದು, ಹಳೆಯ ಸದಸ್ಯರದಲ್ಲ.

ಅಮೆರಿಕದ ಸೇನಾಧಿಕಾರಿ ಹೆನ್ರಿ ಮಾರ್ಟಿನ್ ರಾಬರ್ಟ್ 1876ರಲ್ಲಿ ಮೊದಲು ಪ್ರಕಟಿಸಿದ, ಇಂದಿಗೂ ಬಳಕೆಯಲ್ಲಿರುವ ಸಭಾನಿಯಮಗಳ ಗ್ರಂಥವು, ಹಿಂದಿನ ಸಭೆಗೆ ಗೈರುಹಾಜರಾಗಿದ್ದ ಮಾತ್ರಕ್ಕೆ ನಡಾವಳಿಯ ತಿದ್ದುಪಡಿಯಲ್ಲಾಗಲಿ ಅಂಗೀಕಾರದಲ್ಲಾಗಲಿ ಪಾಲ್ಗೊಳ್ಳಲು ಅಡ್ಡಿಯಿಲ್ಲವೆಂದು ಹೇಳುತ್ತದೆ. ಭಾರತದ ಕಂಪೆನಿಗಳ ಆಡಳಿತ ಮಂಡಳಿಗಳಿಗೆ ಇರುವ ಮಾನದಂಡವೂ ಇದೇ ದಾರಿಯದು. ಹೊಸದಾಗಿ ಬಂದ ನಿರ್ದೇಶಕರು ತಮ್ಮ ಅವಧಿಗೆ ಮೊದಲಿನ ನಡಾವಳಿಯನ್ನು ಪರಿಶೀಲಿಸಬಹುದು. ನಿರ್ಗಮಿಸಿದವರು ತಮ್ಮ ಅವಧಿಯ ನಡಾವಳಿಯನ್ನು ಬಳಿಕವೂ ನೋಡಬಹುದು. ಶಾಲಾ ಸಮಿತಿಯನ್ನು ಈ ನಿಯಮಗಳು ಕಟ್ಟಿಹಾಕುವುದಿಲ್ಲ. ಅವುಗಳ ಹಿಂದಿನ ವಿವೇಕ ಮಾತ್ರ ಇಲ್ಲಿಗೂ ಸಲ್ಲುತ್ತದೆ.

ಒಂದು ಉದಾಹರಣೆಯನ್ನು ಊಹಿಸಿಕೊಳ್ಳೋಣ. ಕಾಸರಗೋಡಿನ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ಗಣಿತ ಅಧ್ಯಾಪಕರ ಹುದ್ದೆ ತೆರವಾಗಲಿದೆ. ಕನ್ನಡ ಬಲ್ಲವರನ್ನೇ ನೇಮಿಸಬೇಕೆಂದು ಕೋರುವ ನಿರ್ಣಯವನ್ನು ಹಳೆಯ ಸಮಿತಿ ತನ್ನ ಕೊನೆಯ ಸಭೆಯಲ್ಲಿ ಕೈಗೊಂಡಿದೆ. ಜೂನ್ ತಿಂಗಳಲ್ಲಿ ಶಾಲೆ ತೆರೆಯುವ ಹೊತ್ತಿಗೆ ಸಮಿತಿಯ ಬಹುಪಾಲು ಮಂದಿ ಹೊಸಬರು. “ನಾವಿರದ ಸಭೆ” ಎಂದು ನಡಾವಳಿ ದೃಢೀಕರಣವಾಗದೆ ಉಳಿದರೆ ನಿರ್ಣಯವೇನೂ ರದ್ದಾಗುವುದಿಲ್ಲ. ಆದರೆ ಸಹಿಯಿಲ್ಲದ ಪುಟದ ಪ್ರತಿಯನ್ನು ಲಗತ್ತಿಸಿದ ಮನವಿಯ ಕುರಿತು ಕಚೇರಿಯಲ್ಲಿ ಪ್ರಶ್ನೆ ಎದ್ದರೆ ಉತ್ತರಿಸುವುದು ಕಷ್ಟ. ಕಾಗದಪತ್ರ ಹೋಗಿಬರುವಷ್ಟರಲ್ಲಿ ಮಕ್ಕಳ ಅರ್ಧವಾರ್ಷಿಕ ಪರೀಕ್ಷೆಯೂ ಮುಗಿದಿರಬಹುದು. ಪ್ರಾಥಮಿಕ ಹಂತದಲ್ಲಿ ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಮಾತೃಭಾಷಾ ಶಿಕ್ಷಣದ ಸೌಲಭ್ಯ ಒದಗಿಸಲು ಯತ್ನಿಸಬೇಕೆಂದು ಸಂವಿಧಾನದ 350-ಎ ವಿಧಿ ರಾಜ್ಯಗಳಿಗೆ ಹೇಳಿದೆ. ಆ ಸೌಲಭ್ಯವನ್ನು ಕೇಳುವ ಸಮಿತಿಯ ಕೈಯಲ್ಲಿರುವ ಸಾಧನ ತನ್ನ ದಾಖಲೆಯೇ. 2012ರ ತಿದ್ದುಪಡಿಯಂತೆ ಅಲ್ಪಸಂಖ್ಯಾತರು ಸ್ಥಾಪಿಸಿ ನಡೆಸುವ ಶಾಲೆಗಳಲ್ಲೂ ಇತರ ಅನುದಾನಿತ ಶಾಲೆಗಳಲ್ಲೂ ಈ ಸಮಿತಿಗೆ ಸಲಹೆ ನೀಡುವ ಕಾರ್ಯ ಮಾತ್ರ ಇದೆ. ಸಲಹೆಗೆ ಬರಹವೊಂದೇ ಆಧಾರವಾದ್ದರಿಂದ ಅಂಥ ಶಾಲೆಗಳಲ್ಲಿ ನಡಾವಳಿಯ ಬೆಲೆ ಇನ್ನೂ ಹೆಚ್ಚು.

ಹಾಗಾದರೆ ಸಂಚಾಲಕರು ಮಾಡಬೇಕಾದದ್ದೇನು?

ಮೊದಲನೆಯದಾಗಿ, ಅವಧಿಯ ಕೊನೆಯ ಸಭೆಯ ನಡಾವಳಿಯನ್ನು ಅಲ್ಲಿಯೇ ಬರೆದು, ಓದಿ ಹೇಳಿ, ಸಭೆ ಮುಗಿಯುವ ಮುನ್ನವೇ ದೃಢೀಕರಿಸಿ ಅಧ್ಯಕ್ಷರ ಸಹಿ ಪಡೆಯುವುದು ಉತ್ತಮ. ಹಾಗೆ ಮಾಡಿದರೆ ಮುಂದಿನ ತೊಡಕೇ ಇರುವುದಿಲ್ಲ.

ಎರಡನೆಯದಾಗಿ, ಅದು ಸಾಧ್ಯವಾಗದಿದ್ದರೆ ಕರಡನ್ನು ಹಾಜರಿದ್ದ ಹಳೆಯ ಸದಸ್ಯರಿಗೆ ತೋರಿಸಿ ಅವರ ಅಭಿಪ್ರಾಯವನ್ನು ಬರಹದಲ್ಲಿ ಪಡೆಯಬೇಕು. ಹೊಸ ಸಮಿತಿ ಆ ಬರಹವನ್ನೂ ಹಾಜರಿಪುಸ್ತಕವನ್ನೂ ನೋಡಿ ದೃಢೀಕರಿಸಬಹುದು. “ಹಿಂದಿನ ಸಮಿತಿಯ ಇಂಥ ದಿನಾಂಕದ ಸಭೆಯ ನಡಾವಳಿಯನ್ನು ಓದಿ, ಹಾಜರಿದ್ದವರ ಹೇಳಿಕೆಯ ಆಧಾರದಲ್ಲಿ ದೃಢೀಕರಿಸಲಾಯಿತು” ಎಂಬ ಒಂದು ವಾಕ್ಯ ಸಾಕು. ಹೊಸ ಸದಸ್ಯರ ಸಂಕೋಚಕ್ಕೂ ಅದರಿಂದ ಪರಿಹಾರ ದೊರೆಯುತ್ತದೆ.

ಮೂರನೆಯದಾಗಿ, ತಪ್ಪು ಕಂಡುಬಂದರೆ ಹಳೆಯ ಬರಹವನ್ನು ಅಳಿಸಬಾರದು, ಹಾಳೆಯನ್ನು ಹರಿಯಬಾರದು, ಮೇಲೆ ಕಾಗದ ಅಂಟಿಸಬಾರದು. ತಿದ್ದುಪಡಿಯನ್ನು ಈ ದಿನದ ನಡಾವಳಿಯಲ್ಲಿ ಬರೆದು, ಹಳೆಯ ಪುಟದ ಅಂಚಿನಲ್ಲಿ ಅದರ ಸೂಚನೆ ಕೊಟ್ಟು ಅಧ್ಯಕ್ಷರು ಕಿರುಸಹಿ ಮಾಡಬೇಕು. ಪುಟಗಳಿಗೆ ಮೊದಲೇ ಸಂಖ್ಯೆ ಹಾಕಿರಬೇಕು. ‘ಆಮೇಲೆ ಬರೆದರಾಯಿತು’ ಎಂದು ಖಾಲಿ ಜಾಗ ಬಿಟ್ಟು ಸಹಿ ಪಡೆಯುವ ರೂಢಿ ಎಲ್ಲಿದ್ದರೂ ನಿಲ್ಲಬೇಕು.

ನಾಲ್ಕನೆಯದಾಗಿ, ಹಳೆಯ ನಿರ್ಣಯ ಹೊಸ ಸಮಿತಿಗೆ ಒಪ್ಪಿಗೆಯಾಗದಿದ್ದರೆ ಅದಕ್ಕೂ ದಾರಿ ಇದೆ. ನಡಾವಳಿಯನ್ನು ಮೊದಲು ದೃಢೀಕರಿಸಿ, ಬಳಿಕ ನಿರ್ಣಯವನ್ನು ಕಾರ್ಯಸೂಚಿಯಲ್ಲಿ ಪ್ರತ್ಯೇಕ ವಿಷಯವಾಗಿ ತಂದು ಚರ್ಚಿಸಿ, ಬದಲಿಸಬಹುದು ಇಲ್ಲವೆ ಕೈಬಿಡಬಹುದು. ದೃಢೀಕರಣವನ್ನು ತಡೆಹಿಡಿದು ನಿರ್ಣಯವನ್ನು ಮುಳುಗಿಸುವುದು ಸರಿಯಾದ ಕ್ರಮವಲ್ಲ.

ಗಡಿನಾಡಿನ ಶಾಲೆಗಳಿಗೆ ವಿಶೇಷವಾದ ಇನ್ನೊಂದು ಮಾತಿದೆ. ಮನೆಯಲ್ಲಿ ತುಳು, ಬ್ಯಾರಿ, ಕೊಂಕಣಿ, ಮರಾಠಿ, ಮಲಯಾಳ ಆಡುವ ಹೆತ್ತವರು ಒಂದೇ ಸಮಿತಿಯಲ್ಲಿ ಕುಳಿತುಕೊಳ್ಳುತ್ತಾರೆ. ಕನ್ನಡದ ಬರಹವನ್ನು ಓದಲಾರದ ತಾಯಿಯೊಬ್ಬರು ಸಮಿತಿಗೆ ಹೊಸದಾಗಿ ಬಂದಿದ್ದರೆ, ಅವರಿಗೆ ತಿಳಿಯುವ ಮಾತಿನಲ್ಲಿ ನಡಾವಳಿಯನ್ನು ವಿವರಿಸಿದ ಮೇಲೆಯೇ ಒಪ್ಪಿಗೆ ಕೇಳಬೇಕು. ವಿವರಿಸಿದ ಸಂಗತಿಯನ್ನು ದಾಖಲಿಸಬೇಕು. ಕಚೇರಿಗೆ ಮಲಯಾಳದ ಪ್ರತಿ ಬೇಕಾದಲ್ಲಿ ಅನುವಾದವೆಂದು ಸ್ಪಷ್ಟವಾಗಿ ನಮೂದಿಸಿ ಕೊಡಬಹುದು. ಕನ್ನಡದಲ್ಲಿ ನಡೆದ ಸಭೆಯ ಮೂಲ ದಾಖಲೆ ಕನ್ನಡದ್ದೇ ಆಗಿ ಪುಸ್ತಕದಲ್ಲಿ ಉಳಿಯಲಿ.

ಹೊಸ ಸಮಿತಿ ಸೇರುವ ಮುನ್ನ ಮುಖ್ಯೋಪಾಧ್ಯಾಯರು ನಡಾವಳಿ ಪುಸ್ತಕವನ್ನು ಒಮ್ಮೆ ತೆರೆದು, ಕೊನೆಯ ಪುಟದಲ್ಲಿ ಸಹಿ ಇದೆಯೇ ಎಂದು ನೋಡಿಕೊಳ್ಳಲಿ. ಇಲ್ಲದಿದ್ದರೆ ಹಳೆಯ ಸದಸ್ಯರು ಊರಿನಲ್ಲಿರುವಾಗಲೇ ಅವರನ್ನು ಕಂಡು ಆ ಕೆಲಸವನ್ನು ಪೂರೈಸಲಿ.